ಆಸ್ಪತ್ರೆ ಸುತ್ತಲಿನ ಬಾಡಿಗೆ ಫ್ಲ್ಯಾಟ್‌ಗಳಿಗೆ ಯಾರು ಜವಾಬ್ದಾರರು?

ಗೆ,
ಮಾನ್ಯ ಪ್ರವಾಸೋದ್ಯಮ ಸಚಿವರು, ಕರ್ನಾಟಕ ಸರ್ಕಾರ
ಮಾನ್ಯ ಮುಖ್ಯ ಆಯುಕ್ತರು, ಗ್ರೇಟರ್ ಬೆಂಗಳೂರು ಪ್ರಾಧಿಕಾರ

ವಿಷಯ: ಬೆಂಗಳೂರಿನ ಆಸ್ಪತ್ರೆಗಳ ಸುತ್ತ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಫ್ಲ್ಯಾಟ್‌ಗಳಿಗೆ ನೋಂದಣಿ ಮತ್ತು ನಿಯಮ ತರುವ ಬಗ್ಗೆ

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯವನು. ನಮ್ಮ ಅವ್ವನಿಗೆ ಗಂಟಲಿನ ಕ್ಯಾನ್ಸರ್. ಚಿಕಿತ್ಸೆಗೆ ಬೆಂಗಳೂರಿಗೆ ಕರೆದುಕೊಂಡು ಬಂದು, ರೇಡಿಯೇಷನ್ ಮುಗಿಯುವ ತನಕ ಇಲ್ಲೇ ಇದ್ದೆವು. ಇದ್ದದ್ದು ಹೋಟೆಲಿನಲ್ಲಲ್ಲ, ಲಾಡ್ಜಿನಲ್ಲೂ ಅಲ್ಲ. ಒಂದು ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಮಾಡುವುದಕ್ಕೆ ಅಂತ ಕಟ್ಟಿದ, ಈಗ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಫ್ಲ್ಯಾಟಿನಲ್ಲಿ. ಅಲ್ಲಿ ನಮಗೆ ಆದ ತೊಂದರೆಯನ್ನು ಹೇಳಿಕೊಳ್ಳಲು ಹೋದಾಗ ಪೊಲೀಸರು ಇದು ನಮ್ಮದಲ್ಲ ಅಂದರು. ಅಪಾರ್ಟ್‌ಮೆಂಟ್ ಸಂಘದವರು ನಮ್ಮದಲ್ಲ ಅಂದರು. ಬುಕಿಂಗ್ ಆ್ಯಪಿನವರು ಕೂಡ ಅದನ್ನೇ ಹೇಳಿದರು. ಯಾರದೂ ಅಲ್ಲದ ವಿಷಯ ಕೊನೆಗೆ ಸರ್ಕಾರದ್ದೇ ಆಗಬೇಕಲ್ವಾ? ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ, ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಫ್ಲ್ಯಾಟ್‌ಗಳನ್ನು ಮುಚ್ಚಿಸಿ ಅಂತ ನಾನು ಕೇಳುತ್ತಿಲ್ಲ. ಮುಚ್ಚಿಸಿದರೆ ನಮ್ಮಂಥವರು ಬೀದಿಗೆ ಬೀಳುತ್ತೇವೆ.

ಯಾಕೆ ಅಂತ ಹೇಳುತ್ತೇನೆ. ಹೊಸೂರು ರಸ್ತೆಯಿಂದ ಬನ್ನೇರುಘಟ್ಟ ರಸ್ತೆಯ ತನಕ ಒಮ್ಮೆ ನೋಡಿ. ಕಿದ್ವಾಯಿ, ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಸಂಜಯ್ ಗಾಂಧಿ ಆಸ್ಪತ್ರೆ, ಜಯದೇವ, ಎಲ್ಲ ಒಂದಕ್ಕೊಂದು ಹತ್ತಿರ. ಬೀದರಿನಿಂದ ಚಾಮರಾಜನಗರದ ತನಕ ಎಲ್ಲ ಜಿಲ್ಲೆಯವರೂ ಇಲ್ಲಿಗೇ ಬರುತ್ತಾರೆ. ಆಂಧ್ರ, ತಮಿಳುನಾಡು, ಬಂಗಾಳ, ಅಸ್ಸಾಮಿನಿಂದಲೂ ಬರುತ್ತಾರೆ. ಬೊಮ್ಮಸಂದ್ರದ ಕಡೆ ಹೋದರೆ ಅಂಗಡಿ ಬೋರ್ಡುಗಳಲ್ಲಿ ಬಂಗಾಳಿ ಅಕ್ಷರ ಕಾಣುತ್ತದೆ, ಅಷ್ಟು ಜನ ಆ ಕಡೆಯಿಂದ ಚಿಕಿತ್ಸೆಗೆ ಬಂದು ತಿಂಗಳುಗಟ್ಟಲೆ ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಅಡ್ಮಿಟ್ ಆಗಿರುವವರಲ್ಲ. ರೇಡಿಯೇಷನ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನ, ಐದರಿಂದ ಏಳು ವಾರ. ದಿನಾ ಹೋಗಬೇಕು, ಮೆಷಿನ್ ಕೆಳಗೆ ಕೆಲವೇ ನಿಮಿಷ ಮಲಗಬೇಕು, ವಾಪಸ್ ಬರಬೇಕು. ಅದಕ್ಕೆ ಆಸ್ಪತ್ರೆಯವರು ಬೆಡ್ ಕೊಡುವುದಿಲ್ಲ, ಕೊಡಲೂ ಆಗುವುದಿಲ್ಲ. ಧರ್ಮಶಾಲೆಗಳಿವೆ, ಅಲ್ಲಿ ಜಾಗ ಸಿಕ್ಕವರು ಪುಣ್ಯವಂತರು. ಉಳಿದವರು ಎಲ್ಲಿರಬೇಕು?

ಲಾಡ್ಜಿನಲ್ಲಿ ಇರಬಹುದು ಅಂತ ಅನ್ನಿಸಬಹುದು. ಇದ್ದು ನೋಡಿದವರಿಗೆ ಗೊತ್ತು. ಗಂಟಲಿಗೆ ರೇಡಿಯೇಷನ್ ಶುರುವಾಗಿ ಎರಡು ಮೂರು ವಾರಕ್ಕೆ ಬಾಯೆಲ್ಲ ಹುಣ್ಣಾಗುತ್ತದೆ. ಇಡ್ಲಿ ಕೂಡ ಒಳಗೆ ಇಳಿಯುವುದಿಲ್ಲ. ಹೋಟೆಲಿನ ಸಾಂಬಾರಿನ ಒಂದು ತೊಟ್ಟು ಖಾರ ತಾಗಿದರೂ ಕಣ್ಣಲ್ಲಿ ನೀರು ಬರುತ್ತದೆ. ನಮ್ಮ ಅವ್ವ ತಿಂದದ್ದು ಜೋಳದ ನುಚ್ಚು. ಊರಿಂದ ತಂದ ನುಚ್ಚನ್ನು ಮೆತ್ತಗೆ ಬೇಯಿಸಿ, ಆರಿಸಿ, ಹುಳಿಯಿಲ್ಲದ ಮಜ್ಜಿಗೆ ಹಾಕಿ, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಚಮಚದಲ್ಲಿ ಕುಡಿಸುವುದು. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪವೇ. ಅರ್ಧ ರಾತ್ರಿಯಲ್ಲಿ ಹಸಿವಾಯಿತು ಅಂದರೂ ಎದ್ದು ಮಾಡಿಕೊಡಬೇಕು, ಯಾಕೆಂದರೆ ಹಸಿವು ಅನ್ನುವುದೇ ಅಪರೂಪಕ್ಕೆ ಆಗುತ್ತಿತ್ತು. ಲಾಡ್ಜಿನ ರೂಮಿನಲ್ಲಿ ಇದೆಲ್ಲ ನಡೆಯುವುದಿಲ್ಲ. ಅಡುಗೆ ಮನೆ ಬೇಕು, ಫ್ರಿಜ್ ಬೇಕು, ಬಟ್ಟೆ ಒಗೆದು ಒಣಹಾಕುವುದಕ್ಕೆ ಜಾಗ ಬೇಕು. ಅವ್ವನ ತೂಕ ತೀರಾ ಇಳಿಯದೆ ಚಿಕಿತ್ಸೆ ಪೂರ್ತಿ ಮುಗಿಯಿತು ಅಂದರೆ ಅದರಲ್ಲಿ ಆ ಫ್ಲ್ಯಾಟಿನ ಒಲೆಯ ಪಾಲೂ ಇದೆ. ಅದನ್ನು ನಾನು ಮರೆಯುವುದಿಲ್ಲ.

ಇನ್ನು ಆ ಫ್ಲ್ಯಾಟ್ ಹೇಗಿತ್ತು ಅಂತ ಹೇಳಬೇಕು.

ಮೂರು ಬೆಡ್‌ರೂಮಿನ ಮನೆ. ಆ್ಯಪಿನಲ್ಲಿ ಹಾಕಿದ್ದ ಫೋಟೋದಲ್ಲಿ ದೊಡ್ಡ ಹಾಲ್ ಕಾಣುತ್ತಿತ್ತು. ಬಂದು ನೋಡಿದರೆ ಹಾಲನ್ನು ಪ್ಲೈವುಡ್ ಹಲಗೆಯಿಂದ ಎರಡು ಭಾಗ ಮಾಡಿ ಇನ್ನೆರಡು ರೂಮು ಮಾಡಿದ್ದರು. ಒಟ್ಟು ಐದು ರೂಮು, ಐದು ಕುಟುಂಬ. ಪ್ರತಿ ಬಾಗಿಲಿಗೂ ಚಿಲಕ, ಬೀಗ. ಅಡುಗೆ ಮನೆ ಎಲ್ಲರಿಗೂ ಒಂದೇ. ಬಾಲ್ಕನಿಗೆ ಪೂರ್ತಿ ಕಬ್ಬಿಣದ ಗ್ರಿಲ್, ತೆರೆಯುವುದಕ್ಕೆ ಒಂದು ಕಿಂಡಿಯೂ ಇಲ್ಲ. ಹಾಲಿನ ಎರಡು ರೂಮುಗಳಿಗೆ ಕಿಟಕಿಯೇ ಇರಲಿಲ್ಲ. ಅದರಲ್ಲೊಂದರಲ್ಲಿ ಕಲಬುರಗಿ ಕಡೆಯ ಗಂಡ ಹೆಂಡತಿ, ಆಪರೇಷನ್ ಆದ ಪುಟ್ಟ ಮಗುವನ್ನು ಇಟ್ಟುಕೊಂಡು ಇದ್ದರು. ಅಡುಗೆ ಮನೆಗೆ ಹೋಗಿ ಬರುವುದು ಕಷ್ಟ ಅಂತ ಆ ತಾಯಿ ರೂಮಿನಲ್ಲೇ, ಪ್ಲೈವುಡ್ ಗೋಡೆಗೆ ತಾಗಿಸಿಟ್ಟ ಸ್ಟೂಲಿನ ಮೇಲೆ, ಇಂಡಕ್ಷನ್ ಒಲೆಯಲ್ಲಿ ಹಾಲು ಕಾಯಿಸುತ್ತಿದ್ದರು. ಅದರ ವೈರ್ ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ, ಆ ಬೋರ್ಡಿನಿಂದಲೇ ಪಕ್ಕದ ರೂಮಿನ ಫ್ಯಾನಿಗೂ ಲೈನು. ಆ ವೈರನ್ನು ಮುಟ್ಟಿದರೆ ಬಿಸಿ. ಫ್ಲ್ಯಾಟ್ ನೋಡಿಕೊಳ್ಳುವ ಏಜೆಂಟಿಗೆ ನಾನು ಫೋಟೋ ತೆಗೆದು ಕಳಿಸಿದೆ. "ಎಲೆಕ್ಟ್ರಿಷಿಯನ್ ಕಳಿಸ್ತೀನಿ ಸರ್" ಅಂದ. ಯಾರೂ ಬರಲಿಲ್ಲ. ಗ್ಯಾಸ್ ಸಿಲಿಂಡರ್ ಯಾರದ್ದೋ ಮನೆಯ ಹೆಸರಿನ 14.2 ಕೆಜಿಯ ಕೆಂಪು ಸಿಲಿಂಡರ್. ವ್ಯಾಪಾರಕ್ಕೆ ಅದನ್ನು ಬಳಸುವಂತಿಲ್ಲ, ಅದಕ್ಕೆ 19 ಕೆಜಿಯದ್ದೇ ಬೇರೆ ಇದೆ. ಆದರೆ ಇದು ವ್ಯಾಪಾರ ಅಂತ ಯಾವ ಕಾಗದದಲ್ಲೂ ಇಲ್ಲವಲ್ಲ.

ಕರೆಂಟ್ ಬಿಲ್ಲು ಮನೆಯ ದರದ್ದು, ನೀರು ಮನೆಯ ದರದ್ದು, ಆಸ್ತಿ ತೆರಿಗೆಯೂ ಮನೆಯದ್ದೇ ಅಂತ ಸಂಘದವರೊಬ್ಬರು ನನಗೆ ಹೇಳಿದರು. ಕಾಗದದ ಮೇಲೆ ಅಲ್ಲಿ ಒಂದು ಸಂಸಾರ ವಾಸವಾಗಿದೆ. ಏನಾದರೂ ಅನಾಹುತ ಆಗಿದ್ದರೆ ಒಳಗೆ ಎಷ್ಟು ಜನ ಇದ್ದರು, ಅವರು ಯಾರು ಅಂತ ಅಗ್ನಿಶಾಮಕ ದಳದವರಿಗೆ ಹೇಳುವುದಕ್ಕೆ ಯಾರ ಹತ್ತಿರವೂ ಒಂದು ಪಟ್ಟಿ ಇರುತ್ತಿರಲಿಲ್ಲ. 2010ರ ಫೆಬ್ರವರಿ 23ರಂದು ಇದೇ ಊರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ 9 ಜನ ಸತ್ತರು. ಹೊಗೆ ತುಂಬಿ, ಹೊರಗೆ ಹೋಗುವ ದಾರಿ ಸಿಗದೆ ಜನ ಕಿಟಕಿಯಿಂದ ಹಾರಿದರು. ಅವರು ನಡೆದಾಡಬಲ್ಲ, ಗಟ್ಟಿಮುಟ್ಟಾದ ಜನ. ಕೀಮೋ ತೆಗೆದುಕೊಂಡು ಮಂಚದಿಂದ ಏಳಲಾಗದವರು, ಹೊಲಿಗೆ ಹಾಕಿದ ಮಗು, ಗ್ರಿಲ್ ಹಾಕಿದ ಬಾಲ್ಕನಿ, ಒಂದೇ ಬಾಗಿಲು. ಇದನ್ನು ನೆನೆಸಿಕೊಂಡು ನನಗೆ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ.

ಒಂದು ರಾತ್ರಿ ಅವ್ವನಿಗೆ ವಾಂತಿ ಜಾಸ್ತಿಯಾಗಿ ಎಮರ್ಜೆನ್ಸಿಗೆ ಹೋದೆವು. ಡ್ರಿಪ್ ಹಾಕಿಸಿಕೊಂಡು ವಾಪಸ್ ಬರುವಾಗ ರಾತ್ರಿ ಎರಡು ಗಂಟೆಯ ಮೇಲಾಗಿತ್ತು. ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದ. ದಿನಾ ನೋಡುವ ಹುಡುಗ ರಜೆಯಲ್ಲಿದ್ದ, ಇವನು ಹೊಸಬ. ಫ್ಲ್ಯಾಟ್ ಮಾಲೀಕರ ಮೊಬೈಲಿನಿಂದ ಆ್ಯಪಿನಲ್ಲಿ ಒಪ್ಪಿಗೆ ಬಂದರೆ ಮಾತ್ರ ಒಳಗೆ ಬಿಡಬೇಕು ಅಂತ ಅವನಿಗೆ ಹೇಳಿದ್ದಾರೆ. ಮಾಲೀಕರು ಯಾರು ಅಂತಲೇ ನಮಗೆ ಗೊತ್ತಿಲ್ಲ, ವಿದೇಶದಲ್ಲಿದ್ದಾರೆ ಅಂತ ಮಾತ್ರ ಕೇಳಿದ್ದು. ಏಜೆಂಟಿನ ಫೋನ್ ಸ್ವಿಚ್ ಆಫ್. ನಮ್ಮ ಹತ್ತಿರ ಬೀಗದ ಕೈ ಇದೆ, ಆಸ್ಪತ್ರೆಯ ಚೀಟಿ ಇದೆ, ಅವ್ವನ ಕೈಯಲ್ಲಿ ಇನ್ನೂ ಹತ್ತಿ ಒತ್ತಿ ಹಾಕಿದ ಪ್ಲಾಸ್ಟರ್ ಇದೆ. ಆದರೂ ಆಟೋದಲ್ಲೇ ಕೂರಬೇಕಾಯಿತು. ಆ ಹುಡುಗನನ್ನು ನಾನು ಬೈಯುವುದಿಲ್ಲ, ಬಿಟ್ಟರೆ ಅವನ ಕೆಲಸ ಹೋಗುತ್ತದೆ. ಆಟೋದವರು ಮೀಟರ್ ಆಫ್ ಮಾಡಿ, "ಇರಲಿ ಸಾರ್, ಅಮ್ಮ ಒಳಗೆ ಹೋಗೋ ತನಕ ಇರ್ತೀನಿ" ಅಂದರು. ಕೊನೆಗೆ ಮೊದಲನೇ ಮಹಡಿಯ ಒಬ್ಬ ಅಕ್ಕ ಗಲಾಟೆ ಕೇಳಿ ಇಳಿದು ಬಂದು, ನನ್ನ ಗೆಸ್ಟ್ ಅಂತ ಬರೆದುಕೋ ಅಂತ ಹೇಳಿ ಒಳಗೆ ಕರೆದುಕೊಂಡರು. ಅವರಿಗೆ ನಾವು ಯಾರೆಂದೇ ಗೊತ್ತಿರಲಿಲ್ಲ. ಅವರ ಕರುಣೆಯಿಂದ ನಮಗೆ ಆ ರಾತ್ರಿ ಬಾಗಿಲು ತೆರೆಯಿತು. ಆದರೆ ದುಡ್ಡು ಕೊಟ್ಟು ಇರುವ ಜಾಗಕ್ಕೆ ಹೋಗಲು ಒಬ್ಬ ರೋಗಿ ಇನ್ನೊಬ್ಬರ ಕರುಣೆಗೆ ಕಾಯಬೇಕಾ?

ಆಮೇಲಿನ ವಾರ ಲಿಫ್ಟಿನ ಪಕ್ಕ ಒಂದು ನೋಟಿಸ್ ಅಂಟಿಸಿದರು. ದಿನಬಾಡಿಗೆಯವರು ದೊಡ್ಡ ಲಿಫ್ಟ್ ಬಳಸಬಾರದು, ಸರ್ವಿಸ್ ಲಿಫ್ಟಿನಲ್ಲೇ ಓಡಾಡಬೇಕು ಅಂತ. ಸರ್ವಿಸ್ ಲಿಫ್ಟ್ ಕೆಟ್ಟು ನಿಲ್ಲುವುದೇ ಹೆಚ್ಚು. ವೀಲ್‌ಚೇರಿನಲ್ಲಿ ಬರುವವರು ಏನು ಮಾಡಬೇಕು ಅಂತ ಕೇಳಿದರೆ, ಅದನ್ನು ನಿಮಗೆ ಬಾಡಿಗೆ ಕೊಟ್ಟವರನ್ನು ಕೇಳಿ ಅಂದರು.

ಅಲ್ಲಿನ ನಿವಾಸಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಿಂತು ನೋಡಿದರೆ ಅವರ ಕಷ್ಟವೂ ನಿಜ. ಸಾಲ ಮಾಡಿ ಮನೆ ತೆಗೆದುಕೊಂಡಿದ್ದಾರೆ, ಮಕ್ಕಳಿದ್ದಾರೆ, ದಿನಾ ಹೊಸ ಮುಖಗಳು ಬರುತ್ತವೆ, ನೀರಿನ ಟ್ಯಾಂಕರ್ ಖರ್ಚು ಅವರ ತಲೆಯ ಮೇಲೆ ಬರುತ್ತದೆ, ಶನಿವಾರ ಭಾನುವಾರ ಅದೇ ಕಟ್ಟಡದ ಇನ್ನೊಂದು ಫ್ಲ್ಯಾಟಿನಲ್ಲಿ ಪಾರ್ಟಿ ಮಾಡುವವರು ಬೆಳಗಿನ ಜಾವದ ತನಕ ಜೋರಾಗಿ ಹಾಡು ಹಾಕುತ್ತಾರೆ. ಪಾರ್ಟಿಯವರಿಗೂ ರೋಗಿಗಳಿಗೂ ಒಂದೇ ನಿಯಮ, ಒಂದೇ ನೋಟಿಸ್. ಬೇರೆ ಮಾಡಿ ನೋಡುವುದಕ್ಕೆ ಅವರ ಕೈಯಲ್ಲಿ ಏನೂ ಇಲ್ಲ. ಸರ್ಕಾರ ಮಾಡಬೇಕಾದ ಕೆಲಸವನ್ನು ಸಂಘದವರು ಗೇಟು, ಲಿಫ್ಟು, ನೋಟಿಸ್ ಇಟ್ಟುಕೊಂಡು ಮಾಡುತ್ತಿದ್ದಾರೆ. ಅದರ ಪೆಟ್ಟು ಬೀಳುವುದು ನಮ್ಮ ಮೇಲೆ.

ನಿವಾಸಿಗಳು ದೂರು ಕೊಟ್ಟರು. ಅದೂ ಅವರ ಹಕ್ಕು. ಒಂದು ಸಂಜೆ ಏಜೆಂಟಿನ ಮೆಸೇಜ್ ಬಂತು: ನಾಳೆ ಚೆಕಿಂಗ್ ಬರ್ತಾರಂತೆ, ಎರಡು ದಿನ ಬೇರೆ ಕಡೆ ಇರಿ, ಸಾಮಾನು ಕಾಣೋ ಹಾಗೆ ಇಡಬೇಡಿ. ಐದೂ ಕುಟುಂಬಕ್ಕೆ ಅದೇ ಮೆಸೇಜ್. ಮರುದಿನ ಬೆಳಿಗ್ಗೆ ಅವ್ವನಿಗೆ ರೇಡಿಯೇಷನ್ ಇದೆ, ಕಲಬುರಗಿಯವರ ಮಗುವಿಗೆ ಡ್ರೆಸಿಂಗ್ ಇದೆ. ಎಲ್ಲಿಗೆ ಹೋಗುವುದು? ಆ ರಾತ್ರಿ ಹಾಸಿಗೆ, ಕುಕ್ಕರ್, ನುಚ್ಚಿನ ಚೀಲ ಎಲ್ಲ ಕಟ್ಟಿಕೊಂಡು ಒಂದು ಲಾಡ್ಜ್ ಹುಡುಕಿದೆವು. ಆ ಮಗುವಿನ ತಂದೆ ತಾಯಿ ಆಸ್ಪತ್ರೆಯ ಆವರಣದಲ್ಲೇ ಮಲಗಿದರು ಅಂತ ಆಮೇಲೆ ಗೊತ್ತಾಯಿತು. ಯಾವ ತಪ್ಪೂ ಮಾಡದ ನಾವು ಕಳ್ಳರ ಹಾಗೆ ಮನೆ ಖಾಲಿ ಮಾಡಬೇಕಾಯಿತು. ಪ್ಲೈವುಡ್ ಗೋಡೆ ಹೊಡೆಸಿದವನು ಯಾರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಊರಿಗೆ ಹೊರಡುವಾಗ ಮುಂಗಡದ ಹಣ ವಾಪಸ್ ಬರಲಿಲ್ಲ. ಗೋಡೆಗೆ ಕಲೆ ಆಗಿದೆ, ಮಿಕ್ಸಿ ಹಾಳಾಗಿದೆ ಅಂತ ಕಾರಣ ಹೇಳಿದರು. ಮೊದಲ ಕೆಲವು ದಿನಕ್ಕೆ ಮಾತ್ರ ಆ್ಯಪಿನ ಬುಕಿಂಗ್, ಆಮೇಲೆ ನೇರವಾಗಿ ಕೊಡಿ ಅಂತ ಎಲ್ಲರಿಗೂ ಹೇಳುವುದು ಅಲ್ಲಿನ ಪದ್ಧತಿ. ಹಣ ಹೋಗುವುದು ಯಾರದ್ದೋ ಸ್ವಂತ ಖಾತೆಗೆ, ಫೋನ್‌ನಲ್ಲಿ. ಬಿಲ್ ಕೇಳಿದರೆ ಬಿಲ್ ಬುಕ್ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ಜಿಲ್ಲಾ ಆಯೋಗಕ್ಕೆ ಹೋಗಿ ಅಂತ ತಿಳಿದವರು ಹೇಳಿದರು. ಹೋಗಬಹುದು. ಎದುರು ಪಾರ್ಟಿಯ ಹೆಸರು ಏನು ಅಂತ ಬರೆಯಲಿ? ವಿಳಾಸ ಯಾವುದು ಕೊಡಲಿ? ಮೊತ್ತ ದೊಡ್ಡದಲ್ಲ ಅಂತ ಕೆಲವರು ಅಂದರು. ಚಿಕಿತ್ಸೆಗೆ ಎಮ್ಮೆ ಮಾರಿ ಬಂದವರಿಗೆ ಎಲ್ಲ ಮೊತ್ತವೂ ದೊಡ್ಡದೇ.

ಮಾನ್ಯರೇ, ನಿಯಮ ಮಾಡುವುದು ಆಗದ ಕೆಲಸವಲ್ಲ. ನೀವೇ ಮಾಡಿದ್ದೀರಿ. 2024ರಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಗ್ನಿ ಸುರಕ್ಷತೆ, ಸಹಾಯವಾಣಿ ನಂಬರಿನ ಬೋರ್ಡು, ಎಲ್ಲ ಅದರಲ್ಲಿದೆ. ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಕೇಂದ್ರ ಸರ್ಕಾರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು, 6 ರೂಮಿಗಿಂತ ಹೆಚ್ಚು ಕೊಡುವಂತಿಲ್ಲ. ಮನೆಯವರೂ ಇಲ್ಲದ, ಹೋಟೆಲೂ ಅಲ್ಲದ ಈ ಆಸ್ಪತ್ರೆ ಪಕ್ಕದ ಫ್ಲ್ಯಾಟ್ ಮಾತ್ರ ಇವೆಲ್ಲದರ ನಡುವೆ ಜಾರಿಕೊಂಡಿದೆ.

ಬೇರೆ ಕಡೆಯವರು ಏನು ಮಾಡಿದ್ದಾರೆ ಅಂತಲೂ ನೋಡಿ. ಪಕ್ಕದ ಗೋವಾದಲ್ಲಿ 1982ರ ಕಾಯ್ದೆಯ ಕೆಳಗೆ ಪ್ರವಾಸಿಗರಿಗೆ ಮನೆ ಬಾಡಿಗೆ ಕೊಡುವವರೂ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಜಪಾನಿನಲ್ಲಿ 2018ರ ಜೂನ್‌ನಿಂದ ಇಂಥ ಮನೆಗಳಿಗೇ ಒಂದು ಕಾನೂನು ಇದೆ. ವರ್ಷಕ್ಕೆ 180 ದಿನದ ಮಿತಿ, ಬಾಗಿಲ ಹತ್ತಿರ ಎಲ್ಲರಿಗೂ ಕಾಣುವ ಗುರುತಿನ ಫಲಕ, ಮಾಲೀಕರು ಅಲ್ಲಿ ಇಲ್ಲದಿದ್ದರೆ ನೋಂದಣಿ ಆದ ನಿರ್ವಾಹಕರೊಬ್ಬರು ಇರಲೇಬೇಕು. ನ್ಯೂಯಾರ್ಕ್ 2023ರ ಸೆಪ್ಟೆಂಬರಿನಿಂದ 30 ದಿನಕ್ಕಿಂತ ಕಡಿಮೆ ಬಾಡಿಗೆಗೆ ಮನೆಯವರು ಜೊತೆಯಲ್ಲೇ ಇರಬೇಕು, ಒಳಗಿನ ಬಾಗಿಲುಗಳಿಗೆ ಬೀಗ ಹಾಕುವಂತಿಲ್ಲ ಅನ್ನುವುದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿತು. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿ, ತನ್ನ 10,101 ಪ್ರವಾಸಿ ಫ್ಲ್ಯಾಟ್‌ಗಳ ಲೈಸೆನ್ಸ್‌ಗಳನ್ನು 2028ರ ನವೆಂಬರ್ ಹೊತ್ತಿಗೆ ಕೊನೆ ಮಾಡುವುದಾಗಿ 2024ರಲ್ಲಿ ಘೋಷಿಸಿತು. ಅಲ್ಲಿ ಸ್ಥಳೀಯರಿಗೆ ಬಾಡಿಗೆ ಮನೆಯೇ ಸಿಗದ ಹಾಗೆ ಆಗಿತ್ತು, ಅದು ಅವರ ಕಾರಣ. ನಮ್ಮ ಕಾರಣ ಬೇರೆ. ಬೆಂಗಳೂರಿಗೆ ಬಾರ್ಸಿಲೋನಾದ ದಾರಿ ಬೇಡ ಅನ್ನುತ್ತೇನೆ, ಜಪಾನಿನದ್ದು ಹತ್ತಿರ ಆಗುತ್ತದೆ. 180 ದಿನದ ಮಿತಿಯನ್ನು ಮಾತ್ರ ಆಸ್ಪತ್ರೆ ಸುತ್ತ ಬಿಟ್ಟುಬಿಡಬೇಕು, ರೋಗ ವರ್ಷಪೂರ್ತಿ ಬರುತ್ತದೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ದಿನದ ಲೆಕ್ಕದಲ್ಲಿ ಕೊಡುವ ಪ್ರತಿ ಫ್ಲ್ಯಾಟಿಗೂ ಒಂದು ನೋಂದಣಿ ನಂಬರ್ ಕೊಡಿ. ಆ ನಂಬರ್ ಬಾಗಿಲ ಮೇಲೂ ಇರಲಿ, ಆ್ಯಪಿನಲ್ಲೂ ಇರಲಿ. ನಂಬರ್ ಇಲ್ಲದ ಫ್ಲ್ಯಾಟನ್ನು ಆ್ಯಪಿನವರು ತೋರಿಸಲೇಬಾರದು. ಆ ನಂಬರಿನ ಹಿಂದೆ ಈ ಊರಿನಲ್ಲೇ ಇರುವ, ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವ ಒಬ್ಬ ಮನುಷ್ಯ ಇರಬೇಕು. ಅವರ ಹೆಸರು ಸೆಕ್ಯುರಿಟಿಯವರ ಹತ್ತಿರವೂ ಇರಲಿ, ಹತ್ತಿರದ ಪೊಲೀಸ್ ಠಾಣೆಯಲ್ಲೂ ಇರಲಿ. ಇದೊಂದಾದರೆ ಉಳಿದ ಅರ್ಧ ತೊಂದರೆ ತಾನೇ ಕಡಿಮೆಯಾಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಪ್ಲೈವುಡ್ ಹಾಕಿ ಹಾಲನ್ನು ಒಡೆಯುವುದು, ಕಿಟಕಿ ಇಲ್ಲದ ರೂಮು ಕೊಡುವುದು, ಇವೆರಡನ್ನು ಇವತ್ತೇ ನಿಲ್ಲಿಸಿ. ಇದಕ್ಕೆ ಕಾಯುವ ಹಾಗಿಲ್ಲ. ಬಾಲ್ಕನಿ ಗ್ರಿಲ್ಲಿಗೆ ಒಳಗಿಂದ ತೆರೆಯುವ ಕಿಂಡಿ, ಹೊಗೆ ಬಂದರೆ ಕೂಗುವ ಅಲಾರಂ, ಬೆಂಕಿ ಆರಿಸುವ ಸಿಲಿಂಡರ್, ಇವು ದೊಡ್ಡ ಖರ್ಚಿನ ಮಾತಲ್ಲ. ವೈರಿಂಗ್ ಒಮ್ಮೆ ಬಂದು ನೋಡುವ ವ್ಯವಸ್ಥೆ ಬೇಕು. ಹಣ ಪಡೆದರೆ ಬಿಲ್ ಕೊಡಬೇಕು, ಮುಂಗಡ ಎಷ್ಟು, ಯಾವ ಕಾರಣಕ್ಕೆ ಹಿಡಿದುಕೊಳ್ಳಬಹುದು ಅಂತ ಕಾಗದದಲ್ಲಿ ಬರೆದಿರಬೇಕು, ಕನ್ನಡದಲ್ಲೂ ಬರೆದಿರಬೇಕು.

ಆಸ್ಪತ್ರೆಗೆ ಬರುವವರಿಗೆ ಕೊಡುವ ಫ್ಲ್ಯಾಟ್‌ಗಳನ್ನು ಬೇರೆ ಗುಂಪು ಅಂತಲೇ ಮಾಡಿ. ನೋಂದಣಿ ಶುಲ್ಕ ಕಡಿಮೆ ಇಡಿ, ಕರೆಂಟು ನೀರಿಗೆ ಪೂರ್ತಿ ವಾಣಿಜ್ಯ ದರ ಹಾಕಬೇಡಿ, ಯಾಕೆಂದರೆ ಹಾಕಿದ್ದೆಲ್ಲ ಕೊನೆಗೆ ರೋಗಿಯ ಬಾಡಿಗೆಗೇ ಸೇರುತ್ತದೆ. ನೋಂದಣಿ ಆದ ಫ್ಲ್ಯಾಟ್‌ಗಳ ಪಟ್ಟಿಯನ್ನು ಸರ್ಕಾರಿ ಆಸ್ಪತ್ರೆಗಳ ವಿಚಾರಣೆ ಕೌಂಟರಿನಲ್ಲೇ ಇಡಿಸಿ. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು, ಫೈಲು ಹಿಡಿದುಕೊಂಡು, ಭಾಷೆ ಗೊತ್ತಿಲ್ಲದೆ ನಿಂತವರಿಗೆ ಗೇಟಿನ ಹತ್ತಿರ ಸಿಗುವ ಮೊದಲ ಏಜೆಂಟೇ ಗತಿ ಆಗಬಾರದು. ಹೀಗೆ ನೋಂದಣಿ ಆದ ಕಡೆ ಇರುವ ರೋಗಿಗಳಿಗೆ ಲಿಫ್ಟು, ವೀಲ್‌ಚೇರ್ ಇಳಿಜಾರು, ಗೇಟು ಯಾವುದನ್ನೂ ತಡೆಯುವಂತಿಲ್ಲ ಅಂತ ಸಂಘಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಅದರ ಜೊತೆಗೆ ಸಂಘದವರಿಗೂ ಅಧಿಕಾರ ಕೊಡಿ: ಪಾರ್ಟಿ ಫ್ಲ್ಯಾಟಿನ ಮೇಲೆ ಅವರು ದೂರು ಕೊಟ್ಟರೆ ಇಷ್ಟು ದಿನದೊಳಗೆ ನೋಂದಣಿ ರದ್ದಾಗುತ್ತದೆ ಅನ್ನುವ ಭರವಸೆ ಅವರಿಗೂ ಬೇಕು. ಯಾವ ಕಟ್ಟಡದಲ್ಲಿ ಎಷ್ಟು ಫ್ಲ್ಯಾಟ್ ಹೀಗೆ ಕೊಡಬಹುದು ಅನ್ನುವುದನ್ನು ಅವರನ್ನು ಕೇಳಿಯೇ ನಿರ್ಧರಿಸಿ.

ಕೊನೆಯದಾಗಿ, ತಪಾಸಣೆ ಮಾಡಿ. ಖಂಡಿತ ಮಾಡಿ. ಆದರೆ ಒಳಗೆ ಮಲಗಿರುವ ರೋಗಿಯನ್ನು ಆ ದಿನವೇ ಎಬ್ಬಿಸಿ ಕಳಿಸುವ ಹಾಗೆ ಮಾಡಬೇಡಿ. ದಂಡ ಮಾಲೀಕರಿಗೂ ಏಜೆಂಟಿಗೂ ಹಾಕಿ. ಚಿಕಿತ್ಸೆಯ ಚೀಟಿ ತೋರಿಸಿದವರಿಗೆ ಅದು ಮುಗಿಯುವ ತನಕ ಅಲ್ಲೇ ಇರಲು ಬಿಡಿ, ಇಲ್ಲವೇ ಬೇರೆ ಜಾಗ ತೋರಿಸುವ ಹೊಣೆ ಮಾಲೀಕರದ್ದು ಅಂತ ನಿಯಮದಲ್ಲೇ ಬರೆಯಿರಿ.

ಬಿಬಿಎಂಪಿ ಹೋಗಿ ಬೆಂಗಳೂರಿನ ಪಾಲಿಕೆಗಳು ಈಗ ಐದಾಗಿವೆ. ಆಸ್ಪತ್ರೆಗಳು ಒಂದೇ ಪಾಲಿಕೆಯಲ್ಲಿಲ್ಲ. ಒಂದೊಂದು ಪಾಲಿಕೆ ಒಂದೊಂದು ನಿಯಮ ಮಾಡಿದರೆ ಏಜೆಂಟರು ರಸ್ತೆ ದಾಟಿ ಆಚೆ ಹೋಗುತ್ತಾರೆ, ಅಷ್ಟೇ. ಅದಕ್ಕೇ ಈ ಪತ್ರವನ್ನು ಪ್ರಾಧಿಕಾರಕ್ಕೂ ಇಲಾಖೆಗೂ ಒಟ್ಟಿಗೆ ಬರೆದಿದ್ದೇನೆ. ನಿಮ್ಮಿಬ್ಬರಲ್ಲಿ ಯಾರು ಈ ಕೆಲಸ ಕೈಗೆತ್ತಿಕೊಳ್ಳುತ್ತೀರಿ ಅನ್ನುವುದನ್ನು ಮೊದಲು ತಿಳಿಸಿ. ಕರಡು ನಿಯಮ ಮಾಡಿದಾಗ ಅದನ್ನು ಕನ್ನಡದಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಸಮಯ ಕೊಡಿ. ನಾನೂ ಬರೆಯುತ್ತೇನೆ, ನನ್ನ ಜೊತೆ ಆ ಫ್ಲ್ಯಾಟಿನಲ್ಲಿ ಇದ್ದವರಿಗೂ ಬರೆಯಲು ಹೇಳುತ್ತೇನೆ. ಅವ್ವನ ಮುಂದಿನ ಚೆಕಪ್‌ಗೆ ನಾವು ಮತ್ತೆ ಬರಬೇಕು, ಅಷ್ಟರೊಳಗೆ ನಿಮ್ಮ ಉತ್ತರದ ನಿರೀಕ್ಷೆಯಲ್ಲಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ನಾಗರಿಕ